ರೂಢಿಯಾಗಿದೆ ಎನ್ನಬೇಡಿ

"ಅವರಿಗೇನ್ರೀ, ರೂಢಿ ಆಗ್ಯಾದ." ನಮ್ಮ ಭಾಗದ ಪೇಟೆಗಳಲ್ಲಿ ಈ ಮಾತು ಬಹಳ ಸಲೀಸಾಗಿ ಓಡಾಡುತ್ತದೆ. ಚಿಂಚೋಳಿ, ಚಿತ್ತಾಪುರದ ತಾಂಡಾಗಳಿಂದ, ಸೇಡಂ ಸುತ್ತಲಿನ ಹಳ್ಳಿಗಳಿಂದ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುವವರ ಬಗ್ಗೆ, ಹಿಂದೆ ಉಳಿದ ಮುದುಕಿ-ಮಕ್ಕಳ ಬಗ್ಗೆ ನಾವು ಹೆಂಗಸರೇ ಆಡುವ ಮಾತಿದು. ಇದು ಸುಳ್ಳು, ಸುಳ್ಳಿಗಿಂತ ಹೆಚ್ಚಾಗಿ ಕ್ರೂರ.

ನಮ್ಮ ಮಗ ಬೆಂಗಳೂರಿಗೋ ಅಮೆರಿಕಕ್ಕೋ ಹೋದರೆ ನಮಗೆ ಊಟ ಸೇರುವುದಿಲ್ಲ. ಅವನಿಗೆ ಇಷ್ಟವಾದ ಶೇಂಗಾ ಹೋಳಿಗೆ ಮಾಡಲು ಕೈ ಬರುವುದಿಲ್ಲ. ನೆರೆಯವರು ಬಂದು "ತಾಯಿ ಕರುಳು" ಎಂದು ಸಮಾಧಾನ ಹೇಳುತ್ತಾರೆ. ತಾಂಡಾದ ತಾಯಿ ಅತ್ತರೆ ಮಾತ್ರ "ಮತ್ತ ಕಳಿಸಿದ್ದ್ಯಾಕ?" ಎಂದು ಗದರುತ್ತೇವೆ. ಹಂಬಲಕ್ಕೂ ಪಗಾರ ನೋಡಿ ಬೆಲೆ ಕಟ್ಟುವುದೇ?

ತರಗತಿಯಲ್ಲಿ ಪತ್ರಲೇಖನ ಕಲಿಸುವಾಗ ಪರಊರಿನಲ್ಲಿರುವ ತಂದೆಗೆ ಪತ್ರ ಬರೆಸುತ್ತೇನೆ. ಒಕ್ಕಣೆ ಎಲ್ಲ ಮಕ್ಕಳಿಗೂ ಬರುತ್ತದೆ. ಕೆಲವರ ವಿಳಾಸದ ಜಾಗ ಖಾಲಿ. ಕಟ್ಟುತ್ತಿರುವ ಕಟ್ಟಡಕ್ಕೆ ಮನೆ ನಂಬರು ಇರುವುದಿಲ್ಲ. ನಂಬರು ಬೀಳುವ ಹೊತ್ತಿಗೆ ತಂದೆ ಬೇರೆ ಕೆಲಸಕ್ಕೆ ಹೋಗಿರುತ್ತಾನೆ. ರೂಢಿಯಾಗಿದ್ದರೆ ಮಗು ಆ ಖಾಲಿ ಜಾಗವನ್ನು ಅಂಗೈಯಿಂದ ಮುಚ್ಚಿಕೊಳ್ಳುವುದೇಕೆ?

"ಮೊಬೈಲ್ ಇದೆಯಲ್ಲ" ಎನ್ನುವವರಿದ್ದಾರೆ. ಮೊಬೈಲು ದನಿ ತರುತ್ತದೆ, ಮುಖ ತೋರಿಸುತ್ತದೆ. ಜ್ವರ ಬಂದ ಕೂಸಿನ ಹಣೆ ಮುಟ್ಟುವುದಿಲ್ಲ.

"ಹೋಗದಿದ್ದರಾಯಿತು" ಎನ್ನುವವರೂ ಇದ್ದಾರೆ. ಮಳೆ ನಂಬಿದ ತೊಗರಿ ಹೊಲ ವರ್ಷವಿಡೀ ಕೂಲಿ ಕೊಡುವುದಿಲ್ಲ. 2005ರ ಉದ್ಯೋಗ ಖಾತ್ರಿ ಕಾಯ್ದೆ ಒಂದು ಮನೆಗೆ 100 ದಿನದ ಕೆಲಸದ ಮಾತು ಕೊಟ್ಟಿತು. ಹೊಟ್ಟೆಗೆ ಮಾತ್ರ ವರ್ಷಕ್ಕೆ 365 ದಿನ. 2013ರಲ್ಲಿ ಬಂದ 371(ಜೆ) ಕಲಮು ಓದಿದವರಿಗೆ ಸೀಟು, ನೌಕರಿಯಲ್ಲಿ ಮೀಸಲಾತಿ ತಂದಿತು. ಒಳ್ಳೆಯದೇ. ಓದು ಅರ್ಧಕ್ಕೆ ಬಿಟ್ಟವರು ಏನು ಮಾಡಬೇಕು? ವಾಡಿಯಿಂದ ಸೇಡಂ ಮೇಲೆ ಸಿಕಂದರಾಬಾದಿಗೆ ರೈಲು ಬಂದದ್ದು 1874ರಲ್ಲಿ. ವಾಡಿ, ಸೇಡಂ ಕಡೆಯ ಸಿಮೆಂಟು, ಶಹಾಬಾದಿನ ಫರಸಿ ದೊಡ್ಡ ಊರುಗಳಿಗೆ ಹೋಗುತ್ತವೆ; ಸಿಮೆಂಟು ಕಲಸುವ, ಫರಸಿ ಹಾಸುವ ಕೈಗಳೂ ಹಿಂದೆಯೇ ರೈಲು ಹತ್ತುತ್ತವೆ. ಧೂಳು ನಮ್ಮಲ್ಲಿ, ಅಗಲಿಕೆ ನಮ್ಮಲ್ಲಿ, ಮಹಡಿ ಮನೆ ಇನ್ನೆಲ್ಲೋ.

2020ರ ಲಾಕ್‌ಡೌನ್ ನೆನಪಿಸಿಕೊಳ್ಳಿ. ಬಸ್ಸು, ರೈಲು ನಿಂತಾಗ ದೇಶದ ತುಂಬ ಕೂಲಿಯವರು ಕೂಸುಗಳನ್ನು ಹೆಗಲ ಮೇಲೆ ಹೊತ್ತು ಊರ ಕಡೆ ನಡೆದರು. ಅಗಲಿ ಬದುಕುವುದು ರೂಢಿಯಾದವರು ಹಾಗೆ ನಡೆಯುತ್ತಾರೆಯೇ?

ಸೋದರಿಯರೇ, ಬರಿ ಮರುಕದಿಂದ ಏನೂ ಆಗದು. ಗುಳೆ ಹೋಗುವವರ ಮಕ್ಕಳಿಗೆ ವಸತಿ, ಊಟದ ವ್ಯವಸ್ಥೆ ತೊಗರಿ ರಾಶಿ ಮುಗಿಯುವ ಮುಂಚೆಯೇ ಆಗಬೇಕು, ಮಕ್ಕಳು ಶಾಲೆ ಬಿಟ್ಟ ಮೇಲಲ್ಲ. ನಿಮ್ಮ ಮಹಿಳಾ ಮಂಡಳದಿಂದ, ಸ್ವಸಹಾಯ ಸಂಘದಿಂದ ಪಂಚಾಯಿತಿಯನ್ನು, ಶಿಕ್ಷಣ ಇಲಾಖೆಯನ್ನು ಕೇಳಿರಿ. ಕೇಳಲು ಹೊರಟಾಗ ಯಾರಾದರೂ "ಅವರಿಗೆ ರೂಢಿ ಆಗ್ಯಾದ" ಎಂದರೆ ತಿರುಗಿ ಹೇಳಿರಿ: ರೂಢಿಯಾಗಿರುವುದು ಅವರಿಗಲ್ಲ, ನೋಡುತ್ತ ಕೂತ ನಮಗೆ.