ಬಿಸಿಯೇರಿದ ಬಂಡಿ, ತಿರುಗದ ಫ್ಯಾನು

ಮೇಗುಂದದ ಹಾದಿಗಳು ಬಯಲುಸೀಮೆಯ ಹಾದಿಗಳಂತಲ್ಲ. ಬಾಳೆಹೊನ್ನೂರಿನಿಂದ ಜಯಪುರದ ಮೇಲೆ ಶೃಂಗೇರಿಗಾಗಲಿ, ಕೊಪ್ಪದಿಂದ ನರಸಿಂಹರಾಜಪುರಕ್ಕಾಗಲಿ ಹೊರಟವರಿಗೆ ಒಂದು ಏರು ಮುಗಿಯಿತೆನ್ನುವಷ್ಟರಲ್ಲಿ ತಿರುವು, ತಿರುವು ಕಳೆಯಿತೆನ್ನುವಷ್ಟರಲ್ಲಿ ಮತ್ತೊಂದು ಏರು ಎದುರಾಗುತ್ತದೆ. ಭದ್ರಾ ತೀರದ ರಂಭಾಪುರಿ ಪೀಠದ ದರ್ಶನಕ್ಕೆಂದು ಸಂಸಾರ ಸಮೇತರಾಗಿ ಬರುವ ಭಕ್ತಾದಿಗಳ ಕಾರುಗಳು ಇಂತಹ ಏರುಗಳಲ್ಲಿ ಬಾನೆಟ್ ಎತ್ತಿಕೊಂಡು ಹಬೆಯುಗುಳುತ್ತ ನಿಂತಿರುವುದನ್ನು ನಾವು ಅನೇಕ ಸಲ ಕಂಡಿದ್ದೇವೆ. ಯಾರೋ ಹಳ್ಳದ ನೀರನ್ನು ಹೊತ್ತು ತಂದು ಸುರಿಯುತ್ತಾರೆ, ಬಂಡಿ ಹೊರಡುತ್ತದೆ, ಮುಂದಿನ ಏರಿನಲ್ಲಿ ಅದೇ ಕಥೆ. ಬಾಯಾರಿಕೆ ಬೇರೆ, ಜ್ವರ ಬೇರೆ. ಜ್ವರದ ಮೂಲವನ್ನು ಅರಿಯದೆ ನೀರನ್ನಷ್ಟೇ ಕುಡಿಸಿದರೆ ಗುಣವಾಗದು. ಆದುದರಿಂದ ಈ ಸಲ ರೇಡಿಯೇಟರಿನ ಫ್ಯಾನನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇವೆ.

ಎಂಜಿನ್ನಿನಲ್ಲಿ ಹುಟ್ಟುವ ಬಿಸಿಯನ್ನು ಕೂಲೆಂಟ್ ಹೊತ್ತು ತಂದು ರೇಡಿಯೇಟರಿನಲ್ಲಿ ಇಳಿಸುತ್ತದೆ. ಅಲ್ಲಿಂದ ಅದನ್ನು ಒಯ್ಯುವುದು ಗಾಳಿಯ ಕೆಲಸ. ಬಂಡಿ ವೇಗವಾಗಿ ಓಡುವಾಗ ಗಾಳಿ ತಾನಾಗಿಯೇ ನುಗ್ಗುತ್ತದೆ. ಬಸ್ಸಿನ ಹಿಂದೆ ಮೊದಲ ಗೇರಿನಲ್ಲಿ ತೆವಳುವಾಗ ಎಂಜಿನ್ನಿಗೆ ದುಡಿಮೆ ಹೆಚ್ಚು, ಗಾಳಿ ಕಡಿಮೆ. ಆಗ ಫ್ಯಾನೇ ಗತಿ. ಹಿಂದಿನ ಅಂಬಾಸಿಡರ್ ಕಾರುಗಳಲ್ಲಿ, ಜೀಪುಗಳಲ್ಲಿ ಎಂಜಿನ್ನೇ ಬೆಲ್ಟಿನ ಮೂಲಕ ಫ್ಯಾನನ್ನು ತಿರುಗಿಸುತ್ತಿತ್ತು. ಎಂಜಿನ್ ನಡೆದಷ್ಟು ಕಾಲ ಅದೂ ನಡೆಯುತ್ತಿತ್ತು. 1983ರಲ್ಲಿ ಬಂದ ಮಾರುತಿ 800ರಂತಹ ಕಾರುಗಳಲ್ಲಿ ವಿದ್ಯುತ್ ಮೋಟಾರಿನ ಫ್ಯಾನು ಮನೆಮಾತಾಯಿತು. ಇದು ಬೇಕಾದಾಗ ಮಾತ್ರ ತಿರುಗುವ ಜಾಣ ಸೇವಕ. ಆದರೆ ಕೆಲಸ ಬಿಟ್ಟರೂ ಒಡೆಯನಿಗೆ ಬೇಗ ತಿಳಿಯಗೊಡುವುದಿಲ್ಲ.

ದೋಷ ಫ್ಯಾನಿನದೇ ಎಂದು ಅರಿಯುವ ಬಗೆ ಹೇಗೆ? ಬಿಸಿಯ ಮುಳ್ಳು ಯಾವಾಗ ಏರುತ್ತದೆಂಬುದನ್ನು ಮೊದಲು ಗಮನಿಸಬೇಕು. ನಿಂತಾಗ ಅಥವಾ ನಿಧಾನವಾಗಿ ಹತ್ತುವಾಗ ಏರಿ, ವೇಗವಾಗಿ ಓಡಿದಾಗ ಇಳಿಯುವುದಾದರೆ ಸಂಶಯ ಫ್ಯಾನಿನ ಮೇಲೆ. ವೇಗದಲ್ಲಿಯೂ ಏರುತ್ತಲೇ ಇದ್ದರೆ ಕೂಲೆಂಟ್ ಸೋರಿಕೆ, ಕಟ್ಟಿಕೊಂಡ ರೇಡಿಯೇಟರ್, ತೆರೆಯದ ಥರ್ಮೋಸ್ಟಾಟ್, ಕೆಟ್ಟ ವಾಟರ್ ಪಂಪ್ ಇವುಗಳನ್ನು ನೋಡಬೇಕು. ನಿಂತಾಗ ಮಾತ್ರ ಎ.ಸಿ. ತಂಪು ಕುಂದಿದರೆ ಅದೂ ಫ್ಯಾನಿನ ಕಡೆಗೆ ಬೆರಳು ತೋರುವ ಲಕ್ಷಣವೇ.

ಪರೀಕ್ಷೆಯನ್ನು ಪ್ರವಾಸದ ಹಿಂದಿನ ದಿನ ಮನೆಯಂಗಳದಲ್ಲಿಯೇ ಮಾಡಬಹುದು. ತಣ್ಣಗಿರುವಾಗ ಕೂಲೆಂಟ್ ಮಟ್ಟ ನೋಡಿ, ಎ.ಸಿ. ಆರಿಸಿ, ಎಂಜಿನ್ನನ್ನು ನಿಂತಲ್ಲಿಯೇ ನಡೆಸಿರಿ. ಬಹುತೇಕ ಕಾರುಗಳಲ್ಲಿ ಬಿಸಿಯು 90ರಿಂದ 100 ಡಿಗ್ರಿ ಸೆಲ್ಸಿಯಸ್ಸಿನ ನಡುವೆ ತಲುಪಿದಾಗ ಫ್ಯಾನು ತಿರುಗತೊಡಗಿ, ಕೆಲವು ಡಿಗ್ರಿ ಇಳಿದೊಡನೆ ನಿಲ್ಲಬೇಕು. ಮುಳ್ಳು ನಡುಮಟ್ಟವನ್ನು ದಾಟಿ ಮೇಲೇರಿದರೂ ತಿರುಗದಿದ್ದರೆ ಎಂಜಿನ್ ನಿಲ್ಲಿಸಿರಿ. ಕೀಲಿ ತೆಗೆದ ಮೇಲೂ ಕೆಲವು ಕಾರುಗಳ ಫ್ಯಾನು ಥಟ್ಟನೆ ತಿರುಗುವುದುಂಟು. ಬ್ಯಾಟರಿಯ ಸಂಪರ್ಕ ಬಿಡಿಸದೆ ಅದರ ಬಳಿ ಕೈ, ಸೀರೆಯ ಸೆರಗು, ಮಕ್ಕಳು ಸುಳಿಯಕೂಡದು.

ಇನ್ನು ಸುಲಭದಿಂದ ಕಷ್ಟಕ್ಕೆ ಸಾಗುವುದು ಜಾಣತನ. ಮೊದಲನೆಯದು ಫ್ಯೂಸು. ಸುಟ್ಟಿದ್ದರೆ ಅಷ್ಟೇ ಆಂಪಿಯರಿನದನ್ನು ಹಾಕಿರಿ. ಮತ್ತೆ ಸುಟ್ಟರೆ ಮೋಟಾರಿನಲ್ಲಿಯೋ ತಂತಿಯಲ್ಲಿಯೋ ದೋಷವಿದೆಯೆಂದೇ ಅರ್ಥ. ಎರಡನೆಯದು ರಿಲೇ. ಪೆಟ್ಟಿಗೆಯಲ್ಲಿ ಅದೇ ನಮೂನೆಯ ಇನ್ನೊಂದು ರಿಲೇ ಇದ್ದರೆ ಅದಲುಬದಲು ಮಾಡಿ ನೋಡಬಹುದು. ಮೂರನೆಯದು ತಂತಿ ಮತ್ತು ಪ್ಲಗ್ಗು. ಮಲೆನಾಡಿನ ಮಳೆಯಲ್ಲಿ ತಾಮ್ರದ ತುದಿಗಳು ಹಸಿರುಗಟ್ಟುತ್ತವೆ. ಕೊಟ್ಟಿಗೆಯಲ್ಲಿ ನಿಂತ ಕಾರಿನ ತಂತಿಯನ್ನು ಇಲಿ ಕಡಿಯುತ್ತದೆ. ನಾಲ್ಕನೆಯದು ಬಿಸಿಯನ್ನರಿಯುವ ಸ್ವಿಚ್ಚು. ಹಳೆಯ ಕಾರುಗಳಲ್ಲಿ ಇದರ ಎರಡು ತಂತಿಗಳನ್ನು ಕೂಡಿಸಿದಾಗ ಫ್ಯಾನು ತಿರುಗಿದರೆ ಸ್ವಿಚ್ಚೇ ಕೆಟ್ಟಿದೆ. ಕಂಪ್ಯೂಟರ್ ನಿಯಂತ್ರಣದ ಈಗಿನ ಕಾರುಗಳಲ್ಲಿ ಈ ಪ್ರಯೋಗ ಸಲ್ಲದು. ಬಲ್ಲ ಮೆಕ್ಯಾನಿಕನ ಯಂತ್ರವೇ ದೋಷವನ್ನು ಓದಲಿ. ಕಡೆಯದು ಮೋಟಾರು. ಬ್ಯಾಟರಿಯಿಂದ ನೇರ ವಿದ್ಯುತ್ ಕೊಟ್ಟರೂ ತಿರುಗದಿದ್ದರೆ, ಇಲ್ಲವೆ ನರಳುತ್ತ ತಿರುಗಿದರೆ, ಅದರ ಒಳಗಿನ ಬ್ರಷ್ ಅಥವಾ ಬೇರಿಂಗ್ ಸವೆದಿದೆ.

ಒಮ್ಮೊಮ್ಮೆ ದುರಸ್ತಿಯಾದ ಫ್ಯಾನು ಚೆನ್ನಾಗಿ ತಿರುಗುತ್ತಿದ್ದರೂ ಬಿಸಿ ಇಳಿಯುವುದಿಲ್ಲ. ತಂತಿಗಳು ತಿರುವುಮುರುವಾಗಿ ಅದು ಉಲ್ಟಾ ಸುತ್ತುತ್ತಿರಬಹುದು. ಮುಂಭಾಗದ ಜಾಲರಿಗೆ ಒಂದು ಹಾಳೆಯನ್ನು ಹಿಡಿದು ನೋಡಿರಿ: ಹಾಳೆ ಒಳಕ್ಕೆ ಅಂಟಿಕೊಳ್ಳಬೇಕು, ಹೊರಕ್ಕೆ ಹಾರಬಾರದು.

ಎರಡು ಅಪಾಯಕರ ಉಪಾಯಗಳನ್ನು ನಾವು ಖಂಡಿತವಾಗಿ ಬೇಡವೆನ್ನುತ್ತೇವೆ. ಫ್ಯೂಸಿನ ಬದಲಿಗೆ ತಾಮ್ರದ ತಂತಿ ಸುತ್ತುವುದು ಮೊದಲನೆಯದು. ಇದರಿಂದ ತಂತಿ ಕಾದು ಬಂಡಿಗೇ ಬೆಂಕಿ ಹತ್ತಬಹುದು. ಥರ್ಮೋಸ್ಟಾಟನ್ನೇ ಕಿತ್ತೆಸೆಯುವುದು ಎರಡನೆಯದು. ಇದರಿಂದ ಎಂಜಿನ್ ತಕ್ಕ ಬಿಸಿಗೆ ಬರದೆ ಇಂಧನವನ್ನು ಹೆಚ್ಚು ಕುಡಿದು ಬೇಗ ಸವೆಯುತ್ತದೆ, ಫ್ಯಾನಿನ ದೋಷವೂ ಮರೆಯಾಗಿ ಉಳಿಯುತ್ತದೆ.

ಸೋಮೇಶ್ವರದಿಂದ ಆಗುಂಬೆಯ 14 ತಿರುವುಗಳನ್ನು ಹತ್ತುವಾಗಲೇ ಮುಳ್ಳು ಕೆಂಪಿನತ್ತ ಸರಿದರೆ ಏನು ಮಾಡಬೇಕು? ಎ.ಸಿ. ಆರಿಸಿ, ಹೀಟರನ್ನು ಪೂರ್ತಿ ತೆರೆಯಿರಿ. ಒಳಗಿದ್ದವರಿಗೆ ಸೆಕೆಯಾದರೂ ಎಂಜಿನ್ನಿನ ಬಿಸಿ ಸ್ವಲ್ಪ ಇಳಿಯುತ್ತದೆ. ತಿರುವಿನಲ್ಲಿ ನಿಲ್ಲದೆ, ಅಗಲವಾದ ಜಾಗ ಸಿಕ್ಕೊಡನೆ ನಿಲ್ಲಿಸಿ, ಎಂಜಿನ್ ಆರಿಸಿ, ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಆರಲು ಬಿಡಿರಿ. ಮುಚ್ಚಳಕ್ಕೆ ಕೈ ಹಾಕಬೇಡಿರಿ. ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲಿಸಿದೊಡನೆ ಉಕ್ಕಿ ಮುಖವನ್ನೇ ಸುಡುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರಿಯಬಹುದು. ಹಾಗೆಯೇ ಓಡಿಸಿದರೆ ಸಿಲಿಂಡರ್ ಹೆಡ್ ಸೊಟ್ಟಗಾಗಿ, ಗ್ಯಾಸ್ಕೆಟ್ ಸುಟ್ಟು, ಒಂದು ಫ್ಯೂಸಿನಲ್ಲಿ ಮುಗಿಯುವ ಖರ್ಚು ಇಡೀ ಎಂಜಿನ್ನಿನ ದುರಸ್ತಿಗೆ ಏರುತ್ತದೆ.

ಖರ್ಚಿಗಿಂತಲೂ ದೊಡ್ಡದು ಬಂಡಿಯೊಳಗಿನ ಜೀವಗಳು. ಮಳೆಗಾಲದ ಸಂಜೆ, ಫೋನಿಗೆ ಸಿಗ್ನಲ್ ದೊರೆಯದ ಘಟ್ಟದ ನಡುವೆ, ವಯಸ್ಸಾದ ಅತ್ತೆಮಾವಂದಿರನ್ನೂ ಹಸುಗೂಸನ್ನೂ ಕೂರಿಸಿಕೊಂಡು ಕಾಯುವ ಗೃಹಿಣಿಯ ಕಷ್ಟವನ್ನು ನೆನೆದರೆ, ಹಿಂದಿನ ದಿನದ ಕಾಲು ಗಂಟೆಯ ಪರೀಕ್ಷೆ ಹೊರೆಯೆನಿಸದು. ಬುತ್ತಿ ಕಟ್ಟುವ ಕೈಗಳಷ್ಟೇ ಶ್ರದ್ಧೆಯಿಂದ ಬಾನೆಟ್ ಎತ್ತಿ ನೋಡುವ ಕೈಗಳೂ ಪ್ರತಿ ಮನೆಯಲ್ಲಿರಲೆಂದು ನಾವು ಹಾರೈಸುತ್ತೇವೆ.