ಕಾಡು ಕಾಯುವ ಕೆಲಸಕ್ಕೆ ರೈತನ ಮಗನೇ ಹೋಗಲಿ

ಗುಂಡ್ಲುಪೇಟೆ, ಹೆಗ್ಗಡದೇವನಕೋಟೆ ಕಡೆಯ ಕಾಡಂಚಿನ ಊರುಗಳಲ್ಲಿ ರಾಗಿ ತೆನೆ ಬಲಿಯುವ ಹೊತ್ತಿಗೆ ರೈತ ಅಟ್ಟಣೆಯ ಮೇಲೆ ನಿದ್ದೆಗೆಟ್ಟು ಕೂರಬೇಕು. ಆನೆ ಹೊಲಕ್ಕಿಳಿದ ರಾತ್ರಿ ಅರಣ್ಯ ಇಲಾಖೆಯವರ ಮೇಲೆ ಸಿಟ್ಟು ಬರುವುದು ಸಹಜ. ಆದರೆ ಪಿ.ಯು.ಸಿ. ಮುಗಿಸಿದ ಮಗ ಅರಣ್ಯ ರಕ್ಷಕನ ಕೆಲಸಕ್ಕೆ ಅರ್ಜಿ ಹಾಕುತ್ತೇನೆಂದರೆ, "ಊರವರ ಶಾಪ ನಮಗೇಕಪ್ಪ?" ಎನ್ನುವ ತಂದೆಯರ ಮಾತನ್ನು ನಾನು ಒಪ್ಪಲಾರೆ.

ಈಗ ಗಸ್ತು ಅರಣ್ಯ ಪಾಲಕನೆಂದು ಕರೆಯುವ ಈ ನೌಕರನದು ಬರೀ ಗಿಡ ಕಾಯುವ ಕೆಲಸವಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 50ನೆಯ ಕಲಮು ಅರಣ್ಯಾಧಿಕಾರಿಗೆ ಶೋಧನೆ ಮಾಡುವ, ಬಲೆ ಬಂದೂಕು ವಶಪಡಿಸಿಕೊಳ್ಳುವ, ಆರೋಪಿಯನ್ನು ಬಂಧಿಸುವ ಅಧಿಕಾರ ಕೊಟ್ಟಿದೆ. ಬಂಧಿಸಿದವನನ್ನು ತಡಮಾಡದೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಹೊಣೆಯನ್ನೂ ಹೊರಿಸಿದೆ.

ಈ ಕಾಯಿದೆ ನಮ್ಮ ಬೇಲಿಯವರೆಗೂ ಬರುತ್ತದೆ. ಹಂದಿಗೆಂದು ಕಟ್ಟಿದ ತಂತಿ ಉರುಳೂ ಅದರ ಕಣ್ಣಿನಲ್ಲಿ ಬೇಟೆಯೇ. ಉರುಳಿಗೆ ಚಿರತೆ ಬಿದ್ದು ಅಪರಾಧ ರುಜುವಾತಾದರೆ ಕನಿಷ್ಠ 3 ವರ್ಷ ಸೆರೆವಾಸ. ಇದನ್ನು ಕೇಸು ಹಾಕುವ ಮೊದಲೇ ಜಗಲಿಯ ಮೇಲೆ ಕೂತು ತಿಳಿಹೇಳಲು, ಬೆಳೆ ಹೋದ ಎಕರೆಯ ಸಂಕಟ ಬಲ್ಲವನೇ ಬೇಕು. ಪರಿಹಾರಕ್ಕೆ ಸ್ಥಳ ಪರಿಶೀಲನೆಗೆ ಬಂದಾಗ ತುಳಿದ ರಾಗಿಯನ್ನು ಅಳೆಯಬಲ್ಲವನೂ ಅವನೇ.

ನೆಂಟಸ್ತಿಕೆ ಕಣ್ಣು ಕಟ್ಟೀತು ಎಂಬ ಆಕ್ಷೇಪಣೆ ಇದೆ. ಅದು ನಿಜವೇ. ಸ್ವಂತ ಊರಿನ ಗಸ್ತಿಗೆ ಹಾಕದೆ ಪಕ್ಕದ ವಲಯಕ್ಕೆ ಹಾಕಿದರಾಯಿತು. ತರಬೇತಿಯಲ್ಲಿ ಕಾನೂನಿನ ಜೊತೆಗೆ ಬೆಳೆನಷ್ಟದ ಅಂದಾಜನ್ನೂ ಕಲಿಸಬೇಕು. ನಾವು ಕೃಷಿ ಇಲಾಖೆಯವರು ಅದಕ್ಕೆ ನೆರವಾಗಬಹುದು.

ಅಪಾಯವನ್ನು ಮುಚ್ಚಿಡಲಾರೆ. 1991ರ ನವೆಂಬರ್ 10ರಂದು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ವೀರಪ್ಪನ್ ಕೊಂದ. 2018ರ ಮಾರ್ಚ್‌ನಲ್ಲಿ ನಾಗರಹೊಳೆಯ ನಿರ್ದೇಶಕ ಮಣಿಕಂದನ್ ಆನೆಗೆ ಬಲಿಯಾದರು. ದೊಡ್ಡ ಅಧಿಕಾರಿಗಳ ಗತಿಯೇ ಹೀಗಾದರೆ, ದಿನವೂ ಕಾಡಿನಲ್ಲಿ ಕಾಲ್ನಡಿಗೆಯ ಗಸ್ತು ತಿರುಗುವವನ ಪಾಡನ್ನು ಊಹಿಸಿರಿ. ಅಂಥವನಿಗೆ ಒಳ್ಳೆಯ ಬೂಟು, ಟಾರ್ಚು, ವಿಮೆಗಳನ್ನು ಕೊಡುವುದು ಸರ್ಕಾರದ ಕರ್ತವ್ಯ.

ಅರ್ಜಿ ಹಾಕುವ ತರುಣರೇ, ಅಂಕಪಟ್ಟಿಯ ಜೊತೆಗೆ ಓಟ, ಜಿಗಿತಗಳ ಪರೀಕ್ಷೆಯೂ ಇರುತ್ತದೆ. ಇಂದಿನಿಂದಲೇ ಬೆಳಗಿನ ಹೊತ್ತು ಓಡಿರಿ, ಸಂಜೆ ಕಾಯಿದೆಯನ್ನು ಓದಿರಿ. ತಂದೆಯರೇ, ಮಗನನ್ನು ತಡೆಯಬೇಡಿರಿ. ನಿಮ್ಮ ಅಟ್ಟಣೆಯ ಕಷ್ಟ ಅರಿತವನೊಬ್ಬ ಆ ಖಾಕಿಯೊಳಗೆ ಇರಲಿ.