ಚೀಟಿ ಮುಗಿದರೂ ಮುಗಿಯದ ಗುಳಿಗೆ

ಬೆಳಗಿನ ಕಾಫಿಗೆ ಮುಂಚಿತವಾಗಿ ಒಂದು 'ಗ್ಯಾಸ್ಟ್ರಿಕ್ ಗುಳಿಗೆ'ಯನ್ನು ನುಂಗುವದು ನಮ್ಮ ಎಷ್ಟೋ ಮನೆಗಳಲ್ಲಿ ಈಗ ಸ್ನಾನ, ಸಂಧ್ಯೆಗಳಂತೆ ನಿತ್ಯಕರ್ಮವಾಗಿ ಪರಿಣಮಿಸಿದೆ. ಎಂದೋ ಒಬ್ಬ ವೈದ್ಯರು ಎರಡು ವಾರದ ಮಟ್ಟಿಗೆಂದು ಬರೆದುಕೊಟ್ಟ ಗುಳಿಗೆಯು ಎರಡು ವರ್ಷಗಳಾದರೂ ನಿಂತಿರುವದಿಲ್ಲ. ಬರೆದ ಚೀಟಿಯು ಎಲ್ಲಿಯೋ ಕಳೆದುಹೋಗಿರುತ್ತದೆ. ಬರಿದಾದ ಸ್ಟ್ರಿಪ್ಪೇ ಚೀಟಿಯ ಸ್ಥಾನವನ್ನು ವಹಿಸುತ್ತದೆ. ಅದನ್ನು ಅಂಗಡಿಯವನ ಮುಂದೆ ಹಿಡಿದರೆ ಸಾಕು, ಇನ್ನೊಂದು ಕೈಗೆ ಬರುತ್ತದೆ. ಕೇಳುವವರಿಲ್ಲ, ಹೇಳುವವರೂ ಇಲ್ಲ. ಇದು ಒಬ್ಬೊಬ್ಬರ ಸ್ವಂತದ ವಿಷಯವೆಂದು ಸುಮ್ಮನಿರುವ ಕಾಲವು ಕಳೆದುಹೋಗಿದೆಯೆಂದು ನಾವು ಭಾವಿಸುತ್ತೇವೆ. ಕಾನೂನು, ವೈದ್ಯವೃತ್ತಿ, ವ್ಯಾಪಾರ, ಜನರ ನಡತೆ ಇವು ನಾಲ್ಕೂ ಒಟ್ಟಾಗಿ ಹೊಣೆ ಹೊರಬೇಕಾದ ಸಾರ್ವಜನಿಕ ಪ್ರಶ್ನೆಯಿದು.

ಮೊದಲು 'ಗ್ಯಾಸ್ಟ್ರಿಕ್' ಎಂಬ ಶಬ್ದವನ್ನೇ ವಿಚಾರಿಸೋಣ. ಇಂಗ್ಲಿಷಿನಲ್ಲಿ 'ಜಠರಕ್ಕೆ ಸಂಬಂಧಪಟ್ಟ' ಎಂಬಷ್ಟೇ ಅರ್ಥವುಳ್ಳ ಈ ವಿಶೇಷಣವು ಕನ್ನಡಿಗರ ಬಾಯಲ್ಲಿ ಒಂದು ರೋಗದ ಹೆಸರೇ ಆಗಿಬಿಟ್ಟಿದೆ. ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ, ಅಜೀರ್ಣ, ಪಕ್ಕೆನೋವು, ಎಲ್ಲಕ್ಕೂ ಒಂದೇ ಹೆಸರು. ಹೆಸರು ಒಂದಾದುದರಿಂದ ಮದ್ದೂ ಒಂದೇ. ಆದರೆ ಕಾರಣಗಳು ಒಂದೇ ಅಲ್ಲ. ಅನ್ನನಾಳವು ಜಠರವನ್ನು ಕೂಡುವೆಡೆಯ ಸ್ನಾಯುವು ಸಡಿಲಾಗಿ ಆಮ್ಲವು ಮೇಲಕ್ಕೆ ಬರುವದು ಒಂದು. ಜಠರದ ಒಳಪೊರೆಯಲ್ಲಿ ಹುಣ್ಣಾಗುವದು ಇನ್ನೊಂದು. ಪಿತ್ತಕೋಶದ ಕಲ್ಲು ಮತ್ತೊಂದು. ಇವೆಲ್ಲಕ್ಕಿಂತ ಭಯಂಕರವಾದದ್ದು ಹೃದಯಾಘಾತವು 'ಗ್ಯಾಸ್ಟ್ರಿಕ್' ವೇಷದಲ್ಲಿ ಬರುವದು. ಎದೆಯಲ್ಲಿ ಒತ್ತಡ, ಬೆವರು, ಉಬ್ಬಸ, ಎಡತೋಳಿಗೋ ದವಡೆಗೋ ಹರಿಯುವ ನೋವು, ಇವನ್ನು ಗುಳಿಗೆ ನುಂಗಿ ಬೆಳಗಾಗುವವರೆಗೆ ಕಾದು ನೋಡಿದವರಿಗೆ ಬೆಳಗೇ ಆಗದಿರಬಹುದು. ಒಂದು ಸಡಿಲಾದ ಶಬ್ದವು ಪ್ರಾಣಕ್ಕೆ ಎರವಾಗುವದೆಂದರೆ ಇದೇ.

ಈ ಔಷಧಗಳನ್ನು ಹಳಿಯುವದು ನಮ್ಮ ಉದ್ದೇಶವಲ್ಲ. ಒಂದು ಕಾಲಕ್ಕೆ ಜಠರದ ಹುಣ್ಣೆಂದರೆ ಶಸ್ತ್ರಚಿಕಿತ್ಸೆ, ಇಲ್ಲವೆ ವರ್ಷಾನುಗಟ್ಟಲೆ ಪಥ್ಯ ಎಂಬ ಸ್ಥಿತಿಯಿತ್ತು. ಜೇಮ್ಸ್ ಬ್ಲ್ಯಾಕ್ ಎಂಬ ವಿಜ್ಞಾನಿಯ ಸಂಶೋಧನೆಯಿಂದ 1976ರಲ್ಲಿ ಬ್ರಿಟನ್ನಿನಲ್ಲಿ ಸಿಮೆಟಿಡಿನ್ ಬಳಕೆಗೆ ಬಂದಿತು. ಅವರಿಗೆ 1988ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಅದೇ 1988ರಲ್ಲಿ ಸ್ವೀಡನ್ನಿನಿಂದ ಒಮೆಪ್ರಜೋಲ್ ಹೊರಬಂದಿತು. ಜಠರದ ಆಮ್ಲವನ್ನು ಹೊರಹಾಕುವ ಸೂಕ್ಷ್ಮ 'ಪಂಪು'ಗಳನ್ನೇ ಅದು ತಡೆಯುತ್ತದೆ. ನಮ್ಮಲ್ಲಿ ಮನೆಮಾತಾಗಿರುವ ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್‌ಗಳು ಅದರ ದಾಯಾದಿಗಳು. ಹುಣ್ಣುಗಳಲ್ಲಿ ಬಹುಭಾಗಕ್ಕೆ ಹೆಲಿಕೊಬ್ಯಾಕ್ಟರ್ ಎಂಬ ಸೂಕ್ಷ್ಮಜೀವಿಯು ಕಾರಣವೆಂದು ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಇವರು ತೋರಿಸಿಕೊಟ್ಟು 2005ರ ನೊಬೆಲ್ ಪಡೆದರು. ಅಂದಮೇಲೆ ಆ ಜೀವಿಯಿದ್ದವರಿಗೆ ಬರಿಯ ಆಮ್ಲಶಾಮಕವು ಸಾಲದು. ಪರೀಕ್ಷೆ ಮಾಡಿಸಿ, ಪ್ರತಿಜೈವಿಕಗಳೊಡನೆ ನಿಯಮಿತ ದಿನಗಳ ಚಿಕಿತ್ಸೆಯಾಗಬೇಕು. ನಿತ್ಯದ ಗುಳಿಗೆಯಿಂದ ಉರಿಯನ್ನಷ್ಟೇ ಅಡಗಿಸಿಕೊಂಡು ಕುಳಿತವನು ಮೂಲವನ್ನು ಒಳಗೇ ಸಾಕಿಕೊಂಡಂತಾಯಿತು.

ಸರಿಯಾದ ರೋಗಕ್ಕೆ, ಸರಿಯಾದ ಅವಧಿಗೆ ತೆಗೆದುಕೊಂಡರೆ ಇವು ಉಪಕಾರಿಗಳು. ಆಮ್ಲವು ಮೇಲೇರುವ ಸಾಮಾನ್ಯ ವ್ಯಾಧಿಗೆ ಸಾಧಾರಣವಾಗಿ ನಾಲ್ಕರಿಂದ ಎಂಟು ವಾರ ಸಾಕು. ತೊಂದರೆಯಿರುವದು ಅವಧಿ ಮೀರಿದಾಗ. ಅಮೇರಿಕದ ಔಷಧ ಆಡಳಿತವು ದೀರ್ಘಕಾಲದ ಹಾಗೂ ಹೆಚ್ಚಿನ ಪ್ರಮಾಣದ ಬಳಕೆಯಿಂದ ಮೂಳೆ ಮುರಿತದ ಸಂಭವವು ಹೆಚ್ಚಬಹುದೆಂದು 2010ರಲ್ಲಿ ಎಚ್ಚರಿಸಿತು; ರಕ್ತದಲ್ಲಿ ಮೆಗ್ನೀಸಿಯಮ್ ಇಳಿಯಬಹುದೆಂದು 2011ರಲ್ಲಿ, ಕರುಳಿನ ಒಂದು ಕ್ರೂರ ಭೇದಿಗೆ ದಾರಿಯಾಗಬಹುದೆಂದು 2012ರಲ್ಲಿ ಸಾರಿತು. ಭಾರತದ ಔಷಧ ಮಹಾನಿಯಂತ್ರಕರೂ 2019ರಲ್ಲಿ, ಮೂತ್ರಪಿಂಡಕ್ಕೆ ಹಠಾತ್ತಾಗಿ ಹಾನಿಯಾಗಬಹುದೆಂಬ ಎಚ್ಚರಿಕೆಯನ್ನು ಈ ಔಷಧಗಳ ಮಾಹಿತಿಪತ್ರದಲ್ಲಿ ಸೇರಿಸುವಂತೆ ಮಾಡಿದರು. ಆಮ್ಲವು ಕುಂದಿದಲ್ಲಿ ಅನ್ನದಿಂದ ಬಿ-12 ಜೀವಸತ್ವವು ಬಿಡಿಸಿಕೊಳ್ಳುವದೂ ಕುಂದುತ್ತದೆ; ಮಾಂಸಾಹಾರವಿಲ್ಲದೆ ಮೊದಲೇ ಆ ಸತ್ವದ ಕೊರತೆಗೆ ಹತ್ತಿರವಿರುವ ನಮ್ಮ ಶಾಕಾಹಾರಿಗಳು ಇದನ್ನು ವಿಶೇಷವಾಗಿ ಲಕ್ಷ್ಯದಲ್ಲಿಡತಕ್ಕದ್ದು. ಇವು ಎಲ್ಲರಿಗೂ ಆಗುವ ಅನಾಹುತಗಳಲ್ಲ. ಬಹುಮಂದಿಗೆ ಏನೂ ಆಗದು. ಆದರೆ ಅವಶ್ಯಕತೆಯೇ ಇಲ್ಲದವನು ಹೊರುವ ಅಪಾಯವು ಎಷ್ಟು ಸಣ್ಣದಾದರೂ ಅದು ದಂಡವೇ ಸರಿ.

ಈ ಗುಳಿಗೆಯನ್ನು ಬಿಡುವದು ಏಕೆ ಕಷ್ಟ? ಡೆನ್ಮಾರ್ಕಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ಇದಕ್ಕೆ ಉತ್ತರ ಕೊಡುತ್ತದೆ. ಎದೆಯುರಿಯೇ ಇಲ್ಲದ 120 ಆರೋಗ್ಯವಂತರಲ್ಲಿ ಕೆಲವರಿಗೆ ಎಂಟು ವಾರ ಈ ಜಾತಿಯ ಔಷಧವನ್ನೂ ಉಳಿದವರಿಗೆ ಸತ್ವವಿಲ್ಲದ ಗುಳಿಗೆಯನ್ನೂ ಕೊಡಲಾಯಿತು. ನಿಲ್ಲಿಸಿದ ಮೇಲೆ ಔಷಧ ತೆಗೆದುಕೊಂಡಿದ್ದವರಲ್ಲಿ ನೂರಕ್ಕೆ 44 ಮಂದಿಗೆ ಎದೆಯುರಿ, ಹುಳಿತೇಗು, ಅಜೀರ್ಣಗಳ ಪೈಕಿ ಯಾವದಾದರೊಂದು ಕಾಣಿಸಿಕೊಂಡಿತು. ಉಳಿದವರಲ್ಲಿ ನೂರಕ್ಕೆ 15 ಮಂದಿಗೆ ಮಾತ್ರ. ತಡೆಹಿಡಿದ ಆಮ್ಲವು ತಡೆ ಸರಿದೊಡನೆ ಕೆಲಕಾಲ ಇಮ್ಮಡಿಯ ಹುರುಪಿನಿಂದ ಸ್ರವಿಸುತ್ತದೆಂಬದೇ ಇದರ ರಹಸ್ಯ. ಇದನ್ನರಿಯದ ರೋಗಿಯು 'ನೋಡಿದಿರಾ, ಬಿಟ್ಟರೆ ಮತ್ತೆ ಬಂದಿತು' ಎಂದು ಪುನಃ ಅಂಗಡಿಗೆ ನಡೆಯುತ್ತಾನೆ. ಹೀಗೆ ಔಷಧವೇ ತನಗೆ ಬೇಡಿಕೆಯನ್ನು ಹುಟ್ಟಿಸಿಕೊಳ್ಳುತ್ತದೆ. ಪ್ರಮಾಣವನ್ನು ಮೆಲ್ಲಮೆಲ್ಲನೆ ಇಳಿಸಿ ಬಿಡಿಸುವ ದಾರಿಯುಂಟು. ಅದನ್ನು ತಿಳಿಸತಕ್ಕವರು ವೈದ್ಯರು.

ಇನ್ನು ಜೋಡಿ ಔಷಧಗಳ ಕಥೆ. ಪ್ಯಾಂಟೊಪ್ರಜೋಲಿನೊಡನೆ ಡೊಂಪೆರಿಡೋನ್ ಕೂಡಿಸಿದ ಗುಳಿಗೆಗಳು ನಮ್ಮಲ್ಲಿ ಧಾರಾಳವಾಗಿ ಮಾರಾಟವಾಗುತ್ತವೆ. ಹೃದಯದ ಬಡಿತವನ್ನು ಕೆಡಿಸುವ ಸಂಭವವಿದೆಯೆಂಬ ಕಾರಣದಿಂದ ಯುರೋಪಿನ ಔಷಧ ಸಂಸ್ಥೆಯು 2014ರಲ್ಲಿ ಡೊಂಪೆರಿಡೋನನ್ನು ವಾಕರಿಕೆ, ವಾಂತಿಗಳಿಗೆ ಮಾತ್ರ, ಅದೂ ಸಾಮಾನ್ಯವಾಗಿ ಒಂದು ವಾರ ಮೀರದಂತೆ ಮಿತಿಗೊಳಿಸಿತು. ಎದೆಯುರಿ, ಹೊಟ್ಟೆಯುಬ್ಬರಗಳಿಗೆ ಅದನ್ನು ಬಳಸಕೂಡದೆಂದಿತು. ಅಲ್ಲಿ ವಾರದ ಮಿತಿ. ಇಲ್ಲಿ ವರ್ಷದ ರೂಢಿ! ಇದೇ ಬಗೆಯ ಕೆಲಸಕ್ಕಾಗಿ ಬಂದಿದ್ದ ಸಿಸಾಪ್ರೈಡ್ ಎಂಬ ಔಷಧದ ವಿಷಯದಲ್ಲಿ, 1999ರ ಅಂತ್ಯದವರೆಗೆ ಹೃದಯಗತಿ ಕೆಟ್ಟ 341 ಪ್ರಕರಣಗಳೂ ಅವುಗಳಲ್ಲಿ 80 ಮರಣಗಳೂ ಅಮೇರಿಕದಲ್ಲಿ ವರದಿಯಾಗಿ, 2000ದಲ್ಲಿ ಅಲ್ಲಿಯ ಪೇಟೆಯಿಂದ ಅದನ್ನು ಹಿಂದೆಗೆದುಕೊಳ್ಳಲಾಯಿತು. ನಮ್ಮ ದೇಶದಲ್ಲಿ ಅದಕ್ಕೆ ನಿಷೇಧ ಬಂದದ್ದು 2011ರಲ್ಲಿ. ಅಪಾಯವು ಸಮುದ್ರವನ್ನು ದಾಟಿ ಬರಲು ದಿನಗಳು ಸಾಕು. ಎಚ್ಚರಿಕೆಯು ದಾಟಿ ಬರಲು ಮಾತ್ರ ಹನ್ನೊಂದು ವರ್ಷಗಳು ಹಿಡಿದವು.

ರಾನಿಟಿಡಿನ್ ಪ್ರಕರಣವು ಇನ್ನೂ ಹಸಿಯಾಗಿದೆ. ಕ್ಯಾನ್ಸರಿಗೆ ಕಾರಣವಾಗಬಹುದಾದ ಒಂದು ಕಲ್ಮಷವು ಈ ಗುಳಿಗೆಗಳಲ್ಲಿ ಕಂಡುಬಂದಿದೆಯೆಂದು 2019ರ ಸೆಪ್ಟೆಂಬರಿನಲ್ಲಿ ಅಮೇರಿಕದಲ್ಲಿ ಪ್ರಕಟವಾಯಿತು. ಕಾಲ ಕಳೆದಂತೆ, ಮತ್ತು ಸಂಗ್ರಹಿಸಿಟ್ಟ ಸ್ಥಳದ ಶಾಖವು ಏರಿದಂತೆ, ಆ ಕಲ್ಮಷವು ಬೆಳೆಯುವದೆಂದು ಸಿದ್ಧವಾದ ಮೇಲೆ, 2020ರ ಏಪ್ರಿಲಿನಲ್ಲಿ ಅಲ್ಲಿಯ ಅಧಿಕಾರಿಗಳು ರಾನಿಟಿಡಿನ್ ಸರಕನ್ನೆಲ್ಲ ಪೇಟೆಯಿಂದ ಹಿಂದೆಗೆಯುವಂತೆ ಕೇಳಿದರು. ನಮ್ಮಲ್ಲಿ 2022ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಅತ್ಯಾವಶ್ಯಕ ಔಷಧಗಳ ಪಟ್ಟಿಯಿಂದ ಅದನ್ನು ಕೈಬಿಡಲಾಯಿತು. ಮಾರಾಟವು ಮಾತ್ರ ನಿಲ್ಲಲಿಲ್ಲ. 2025ರಲ್ಲಿಯೂ, ತಯಾರಕರು ಆ ಕಲ್ಮಷದ ಮೇಲೆ ನಿಗಾ ಇಡುವಂತೆ ನೋಡಿಕೊಳ್ಳಬೇಕೆಂದು ಮಹಾನಿಯಂತ್ರಕರು ರಾಜ್ಯಗಳಿಗೆ ಬರೆಯಬೇಕಾಯಿತು. ಶಾಖದಿಂದ ಕೆಡುವ ವಸ್ತುವನ್ನು ಕಲಬುರ್ಗಿ, ರಾಯಚೂರುಗಳ ಬೇಸಿಗೆಯಲ್ಲಿ ತಗಡಿನ ಮಾಳಿಗೆಯ ಕೆಳಗೆ ಇಟ್ಟು ಮಾರುವ ನಾಡಿನಲ್ಲಿ ಈ ನಿಗಾ ಎಷ್ಟು ಬಿಗಿಯಾಗಿರಬೇಕೆಂಬದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಹೊಸ ಕಾನೂನು ಬೇಕೇ? ಬೇಡ, ಇದ್ದ ಕಾನೂನನ್ನು ಓದಿಕೊಂಡರೆ ಸಾಕು. 1940ರ ಔಷಧ ಕಾನೂನಿನ ಅನ್ವಯ 1945ರಲ್ಲಿ ರಚಿತವಾದ ನಿಯಮಾವಳಿಯಲ್ಲಿ 'ಎಚ್' ಎಂಬ ಅನುಸೂಚಿಯುಂಟು. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ಗಳು ಅದರಲ್ಲಿ ಸೇರಿವೆ. ನೋಂದಾಯಿತ ವೈದ್ಯರ ಚೀಟಿಯಿಲ್ಲದೆ ಅವನ್ನು ಮಾರಕೂಡದು. ಅದೇ ನಿಯಮಾವಳಿಯ 65ನೆಯ ನಿಯಮವು ಇನ್ನೂ ಸ್ಪಷ್ಟವಾಗಿದೆ: ಚೀಟಿಗೆ ತಾರೀಖು, ಸಹಿ, ಪ್ರಮಾಣ ಇರಬೇಕು, ವೈದ್ಯರು ಹಾಗೆಂದು ಬರೆದ ಹೊರತು ಒಂದು ಚೀಟಿಯ ಮೇಲೆ ಎರಡನೆಯ ಸಲ ಔಷಧ ಕೊಡಕೂಡದು, ಇಷ್ಟು ಸಲವೆಂದು ಬರೆದಿದ್ದರೆ ಅದನ್ನು ಮೀರಕೂಡದು, ಕೊಟ್ಟಾಗ ಅಂಗಡಿಯ ಹೆಸರನ್ನೂ ತಾರೀಖನ್ನೂ ಚೀಟಿಯ ಮೇಲೆ ಗುರುತಿಸಬೇಕು. ಔಷಧಕ್ಕೆ ಆದಿಯಿದ್ದಂತೆ ಅಂತ್ಯವೂ ಇರಬೇಕೆಂಬ ತತ್ತ್ವವು ಎಂಟು ದಶಕಗಳ ಆ ನಿಯಮಾವಳಿಯಲ್ಲಿಯೇ ಅಡಗಿದೆ. ಇಂದು ಬರಿದಾದ ಸ್ಟ್ರಿಪ್ಪನ್ನು ತೋರಿಸಿ ಕೊಳ್ಳುವ ಪ್ರತಿಯೊಂದು ಗುಳಿಗೆಯೂ ಆ ನಿಯಮದ ಉಲ್ಲಂಘನೆಯೇ ಆಗಿದೆ.

ಇದಕ್ಕೆ ಬರುವ ಆಕ್ಷೇಪವನ್ನು ನಾವು ಬಲ್ಲೆವು. ವೈದ್ಯರು ಹತ್ತು ಹರದಾರಿ ದೂರದಲ್ಲಿರುವ ಹಳ್ಳಿಯ ಕೂಲಿಕಾರನು ಪ್ರತಿಸಲ ದಿನಗೂಲಿಯನ್ನೂ ಶುಲ್ಕವನ್ನೂ ಕಳೆದುಕೊಂಡು ಚೀಟಿ ಬರೆಸಿಕೊಂಡು ಬರಬೇಕೇ ಎಂದು ಕೇಳುವವರುಂಟು. ಪ್ರಶ್ನೆಯು ನ್ಯಾಯವಾದದ್ದೇ. ಆದರೆ ಅದರ ಪರಿಹಾರವು ಅಂಗಡಿಯ ಕಟ್ಟೆಯನ್ನೇ ದವಾಖಾನೆಯನ್ನಾಗಿ ಮಾಡುವದರಲ್ಲಿಲ್ಲ. ವೈದ್ಯರು ಮೊದಲ ಚೀಟಿಯಲ್ಲಿಯೇ 'ಇಂಥ ಕಾರಣಕ್ಕೆ, ಇಷ್ಟು ವಾರ, ಇಷ್ಟು ಸಲ' ಎಂದು ಎರಡು ಸಾಲು ಬರೆದರೆ ಬಡವನ ಮರುಪ್ರಯಾಣವೂ ತಪ್ಪುತ್ತದೆ, ಅವಧಿಯೂ ಮೀರುವದಿಲ್ಲ. ಪ್ರತಿಯೊಂದು ನೋವಿನ ಗುಳಿಗೆಯ ಜೊತೆಗೂ, ಪ್ರತಿಯೊಂದು ಜ್ವರದ ಚೀಟಿಯಲ್ಲಿಯೂ ಕಣ್ಣುಮುಚ್ಚಿ ಆಮ್ಲಶಾಮಕವನ್ನು ಸೇರಿಸುವ ಅಭ್ಯಾಸವನ್ನೂ ಅವರು ಬಿಡತಕ್ಕದ್ದು. ಅಂಗಡಿಗಳಲ್ಲಿ ಔಷಧವನ್ನು ಅಳೆದು ಕೊಡತಕ್ಕವನು ನೋಂದಾಯಿತ ಔಷಧಜ್ಞನೇ ಆಗಿರಬೇಕೆಂದು 1948ರ ಕಾನೂನು ಹೇಳುತ್ತದೆ. ಗೋಡೆಗೆ ತೂಗುಹಾಕಿದ ಪ್ರಮಾಣಪತ್ರದ ಒಡೆಯನು ಅಂಗಡಿಯಲ್ಲಿ ಕುಳಿತಿರುವನೇ ಎಂಬದನ್ನು ಪರಿಶೀಲಿಸುವದು ರಾಜ್ಯ ಸರಕಾರದವರ ಕೆಲಸ. ಅಂಗಡಿಗಳಿಗೆ ಪರವಾನಿಗೆ ಕೊಡುವವರು ಅವರೇ. ಹೊಣೆಯನ್ನು ದಿಲ್ಲಿಯ ಮೇಲೆ ಹೊರಿಸುವಂತಿಲ್ಲ.

ಜನರು ಮಾಡತಕ್ಕದ್ದೂ ಇದೆ. ಪ್ಯಾಂಟೊಪ್ರಜೋಲಿನಂಥ ಗುಳಿಗೆಯನ್ನು ಉಪಾಹಾರಕ್ಕೆ ಅರ್ಧ ಗಂಟೆ ಮುಂಚೆ, ಜಗಿಯದೆ, ಪುಡಿಮಾಡದೆ ನುಂಗಬೇಕು. ಹೊದಿಕೆ ಒಡೆದರೆ ಅದು ಜಠರದಲ್ಲಿಯೇ ಕೆಡುತ್ತದೆ. ಬಿಳಿಯ ದ್ರವದ ಆಮ್ಲಶಾಮಕಗಳು ಕಬ್ಬಿಣಾಂಶದ, ಥೈರಾಯ್ಡಿನ ಗುಳಿಗೆಗಳನ್ನೂ ಕೆಲವು ಪ್ರತಿಜೈವಿಕಗಳನ್ನೂ ಮೈಗೆ ಹತ್ತಗೊಡವು. ಇವುಗಳ ನಡುವೆ ಕೆಲವು ಗಂಟೆಗಳ ಅಂತರವಿರಲಿ. ಹೃದ್ರೋಗಕ್ಕಾಗಿ ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರು ಒಮೆಪ್ರಜೋಲನ್ನು ತಾವಾಗಿಯೇ ಸೇರಿಸಿಕೊಳ್ಳಬಾರದು. ಒಂದರ ಬಲವನ್ನು ಇನ್ನೊಂದು ಕುಗ್ಗಿಸುತ್ತದೆ. ನುಂಗುವಾಗ ಅನ್ನ ಸಿಕ್ಕಿಕೊಳ್ಳುವದು, ಮಲವು ಕಪ್ಪಾಗುವದು, ರಕ್ತವಾಂತಿ, ಕಾರಣವಿಲ್ಲದೆ ತೂಕ ಇಳಿಯುವದು, ರಕ್ತಹೀನತೆ, ಇವು ಕಂಡರೆ ಅಂಗಡಿಗೆ ಹೋಗದೆ ನೇರವಾಗಿ ಆಸ್ಪತ್ರೆಗೆ ಹೋಗತಕ್ಕದ್ದು. ರಾತ್ರಿ ಹತ್ತಕ್ಕೆ ಉಂಡು ಹತ್ತೂವರೆಗೆ ಮಲಗುವವನ ಎದೆಯುರಿಯನ್ನು ಯಾವ ಗುಳಿಗೆಯೂ ಪೂರ್ಣವಾಗಿ ಆರಿಸಲಾರದು. ಊಟಕ್ಕೂ ನಿದ್ರೆಗೂ ಮೂರು ಗಂಟೆಯ ಬಿಡುವು, ತಲೆಯ ಕಡೆಗೆ ಮಂಚದ ಎತ್ತರ, ಹೊಟ್ಟೆಯ ಬೊಜ್ಜಿನ ಇಳಿತ, ತಂಬಾಕಿನ ತ್ಯಾಗ, ಇವುಗಳಿಗೆ ಚೀಟಿಯೂ ಬೇಡ, ಹಣವೂ ಬೇಡ. ಔಷಧದಿಂದ ತೊಂದರೆಯಾಯಿತೆಂದು ಶಂಕೆ ಬಂದವರು ಭಾರತದ ಔಷಧ ಜಾಗರೂಕತಾ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024ಕ್ಕೆ ತಿಳಿಸಬಹುದು. ನಮ್ಮ ದೇಹದ ಅನುಭವವನ್ನು ನಾವೇ ವರದಿ ಮಾಡಿದರೆ ಇನ್ನೊಬ್ಬರ ಎಚ್ಚರಿಕೆಗಾಗಿ ಕಾಯಬೇಕಾಗಿಲ್ಲ.

ಕೊನೆಗೆ ಒಂದು ಮುಖ್ಯ ಮಾತು. ಇದನ್ನೋದಿ ಯಾರೂ ತಮ್ಮ ಗುಳಿಗೆಯನ್ನು ನಾಳೆಯೇ ಎಸೆಯಕೂಡದು. ರಕ್ತಸ್ರಾವವಾದ ಹುಣ್ಣುಳ್ಳವರು, ಹೃದ್ರೋಗಕ್ಕಾಗಿ ಆಸ್ಪಿರಿನ್ ಸೇವಿಸುವ ವೃದ್ಧರು, ಅನ್ನನಾಳವು ತೀವ್ರವಾಗಿ ಸವೆದವರು, ಇಂಥವರಲ್ಲಿ ಅನೇಕರಿಗೆ ದೀರ್ಘಕಾಲದ ಬಳಕೆಯೇ ರಕ್ಷಣೆ. ಅವರು ನಿಲ್ಲಿಸುವದೇ ಅಪಾಯ. ತಾನು ಯಾವ ಗುಂಪಿನವನೆಂದು ನಿರ್ಣಯಿಸತಕ್ಕವನು ರೋಗಿಯೂ ಅಲ್ಲ, ಅಂಗಡಿಯವನೂ ಅಲ್ಲ. ಆದುದರಿಂದ ಮುಂದಿನ ಸಲ ವೈದ್ಯರನ್ನು ಕಂಡಾಗ ಪ್ರತಿಯೊಬ್ಬ ರೋಗಿಯೂ ಎರಡು ಪ್ರಶ್ನೆಗಳನ್ನು ವಿನಯದಿಂದ, ಆದರೆ ತಪ್ಪದೆ ಕೇಳಲಿ: 'ಈ ಗುಳಿಗೆ ನನಗೆ ಏತಕ್ಕೆ? ಎಂದಿನವರೆಗೆ?' ಈ ಎರಡಕ್ಕೂ ಚೀಟಿಯ ಮೇಲೆ ಉತ್ತರ ಬರೆಯುವ ವೈದ್ಯರೂ, ಆ ಉತ್ತರವನ್ನು ಓದಿ ಔಷಧ ಕೊಡುವ ಅಂಗಡಿಯವರೂ, ಕೊಡದವರನ್ನು ವಿಚಾರಿಸುವ ಸರಕಾರವೂ ಇರುವಂತಾದರೆ 1945ರ ಆ ನಿಯಮವು ಕಾಗದದಿಂದ ಇಳಿದು ಜನರ ನಡುವೆ ಬಾಳಲು ತೊಡಗುವದು.